ಉಗಿಹಡಗಿನ ಛಾಯಾಚಿತ್ರಗಳು: ಸಾಕ್ಷ್ಯದ ಬಲವೂ ಮಿತಿಯೂ

ಲಿಪಿಯ ರೂಪವನ್ನು ನೋಡಿ ಶಾಸನದ ಕಾಲವನ್ನು ನಿರ್ಣಯಿಸುವ ಪದ್ಧತಿ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಹಳೆಯ ಛಾಯಾಚಿತ್ರದ ಮುಂದೆ ಮಾತ್ರ ನಾವು ಈ ಎಚ್ಚರವನ್ನು ಮರೆಯುತ್ತೇವೆ. ಅದರ ಕೆಳಗೆ ಯಾರೋ ಬರೆದ ಒಕ್ಕಣೆಯನ್ನೇ ಪ್ರಮಾಣವೆಂದು ಸ್ವೀಕರಿಸುತ್ತೇವೆ. ಚಿತ್ರವನ್ನೂ ಶಾಸನದಂತೆಯೇ ಓದಬೇಕೆಂಬುದಕ್ಕೆ ‘ಗ್ರೇಟ್ ಈಸ್ಟರ್ನ್’ ಎಂಬ ಉಗಿಹಡಗಿನ ಚಿತ್ರಗಳು ಒಳ್ಳೆಯ ನಿದರ್ಶನ.

ಇಸಾಂಬಾರ್ಡ್ ಬ್ರೂನೆಲ್ ಯೋಜಿಸಿದ ಈ ಹಡಗು ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ, ಮಿಲ್‌ವಾಲ್ ಎಂಬಲ್ಲಿ ನಿರ್ಮಿತವಾಯಿತು. ಇದರ ಉದ್ದ 692 ಅಡಿ. ನೀರನ್ನು ತಳ್ಳಲು ಎರಡು ಪಕ್ಕಗಳಲ್ಲಿ 56 ಅಡಿ ವ್ಯಾಸದ ಚಕ್ರಗಳೂ ಹಿಂಭಾಗದಲ್ಲಿ ತಿರುಪಿನಾಕಾರದ ಚಾಲಕವೂ ಇದ್ದುವು. ಆರು ಕೂವೆಕಂಬಗಳು, ಐದು ಹೊಗೆಕೊಳವೆಗಳು ಇದರ ಮೂಲರೂಪದ ಲಕ್ಷಣಗಳು.

ಈ ಕೊಳವೆಗಳೇ ಕಾಲನಿರ್ಣಯಕ್ಕೆ ಮೊದಲ ಆಧಾರ. 1859ರ ಸೆಪ್ಟೆಂಬರಿನಲ್ಲಿ, ಪರೀಕ್ಷಾಯಾನದ ವೇಳೆ ನಡೆದ ಸ್ಫೋಟದಿಂದ ಮುಂಭಾಗದ ಮೊದಲನೆಯ ಕೊಳವೆ ಹಾರಿಹೋಯಿತು. 1865ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ತಂತಿಯನ್ನು ಹಾಸುವ ಕಾರ್ಯಕ್ಕಾಗಿ ಹಡಗನ್ನು ಮಾರ್ಪಡಿಸಿದಾಗ, ತಂತಿಯ ತೊಟ್ಟಿಗಳಿಗೆ ಎಡೆಮಾಡಲು ನಾಲ್ಕನೆಯ ಕೊಳವೆಯನ್ನು ತೆಗೆದರು. ಆದುದರಿಂದ ನಾಲ್ಕು ಕೊಳವೆಗಳನ್ನು ಎಣಿಸಿದರೆ ಸಾಲದು. ಇಲ್ಲದಿರುವುದು ಯಾವುದೆಂಬುದನ್ನು ನೋಡಬೇಕು. ಇನ್ನು ಹಡಗಿನ ಹೊರಮೈ ಬಿಳಿಯಾಗಿ ಕಂಡರೆ 1870ರ ಮುಂಬಯಿ ಯಾತ್ರೆ ನೆನಪಿಗೆ ಬರಬೇಕು. ಮುಂಬಯಿಯಿಂದ ಏಡನ್ನಿಗೆ ತಂತಿ ಹಾಸಲು ಬಂದಾಗ, ಬಿಸಿಲಿನ ತಾಪ ತಗ್ಗಲೆಂದು ಅದಕ್ಕೆ ಬಿಳಿಯ ಬಣ್ಣ ಬಳಿದಿದ್ದರು.

ಆದರೆ ಚಿತ್ರ ಎಲ್ಲವನ್ನೂ ಹೇಳುವುದಿಲ್ಲ. 1851ರಲ್ಲಿ ಪ್ರಕಟವಾದ ಆರ್ದ್ರ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕವನ್ನು ಹಸಿಯಾಗಿರುವಾಗಲೇ ಬಳಸಿ ಸಂಸ್ಕರಿಸಬೇಕಾಗಿತ್ತು. ಸಾಮಾನ್ಯವಾಗಿ ಕೆಲವು ಕ್ಷಣಗಳ ಕಾಲ ಬೆಳಕಿಗೆ ಒಡ್ಡಬೇಕಾಗಿತ್ತು. ಹೀಗಾಗಿ ನಿಂತ ಹಡಗು ಸ್ಪಷ್ಟವಾಗಿ ಮೂಡುತ್ತಿತ್ತು. ತಿರುಗುವ ಚಕ್ರ, ಓಡಾಡುವ ಮನುಷ್ಯ ಮಸುಕಾಗುತ್ತಿದ್ದುವು. ಆ ಕಾಲದ ಬಂದರುಗಳು ಚಿತ್ರಗಳಲ್ಲಿ ತೋರುವಷ್ಟು ನಿಶ್ಚಲವಾಗಿದ್ದುವೆಂದು ಭಾವಿಸುವುದು ತಪ್ಪು.

ಇದಕ್ಕಿಂತ ಗಂಭೀರವಾದ ಮಿತಿಯೊಂದುಂಟು. 1857ರಲ್ಲಿ ರಾಬರ್ಟ್ ಹೌಲೆಟ್ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಭಾರಿ ಸರಪಣಿಗಳ ಮುಂದೆ ಬ್ರೂನೆಲ್ ಒಬ್ಬನೇ ನಿಂತಿದ್ದಾನೆ. ಅದೇ ವರ್ಷದ ನವೆಂಬರ್ 3ರಂದು ಹಡಗನ್ನು ನೀರಿಗಿಳಿಸುವ ಪ್ರಯತ್ನ ವಿಫಲವಾಗಿ, ಕಾರ್ಮಿಕರು ಗಾಯಗೊಂಡರು, ಜೀವಹಾನಿಯೂ ಆಯಿತು. ಹಡಗು ನೀರಿಗಿಳಿದುದು 1858ರ ಜನವರಿ 31ರಂದು. ಸರಪಣಿಗಳ ಭಾರವನ್ನು ಚಿತ್ರ ತೋರಿಸುತ್ತದೆ. ಅವುಗಳನ್ನು ಎಳೆದ ಕೈಗಳು ಅದರಲ್ಲಿಲ್ಲ. ಆ ಕೈಗಳನ್ನು ಪತ್ರಿಕಾವರದಿಗಳಲ್ಲಿಯೂ ಲೆಕ್ಕಪತ್ರಗಳಲ್ಲಿಯೂ ಅರಸಬೇಕಾಗುತ್ತದೆ.

ಕಂಡುದನ್ನು ಎಣಿಸುವುದು, ಕಾಣದುದನ್ನು ಕೇಳುವುದು, ಒಕ್ಕಣೆಯನ್ನು ಕಡೆಯಲ್ಲಿ ಓದುವುದು—ಇದೇ ಸರಿಯಾದ ಕ್ರಮ. ನಮ್ಮ ಕರಾವಳಿಯ ಹಡಗುಗಳ ಹಳೆಯ ಚಿತ್ರಗಳನ್ನು ಪರಿಶೀಲಿಸುವ ವಿದ್ಯಾರ್ಥಿಗಳಿಗೂ ಈ ಕ್ರಮ ಅನ್ವಯಿಸುತ್ತದೆ.