ತಟಸ್ಥ ದೇಶಕ್ಕೆ ಸೈನ್ಯವೇಕೆ?

ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥನ ದೇವಾಲಯ, ದರಿಯಾ ದೌಲತ್, ಗುಂಬಜ್ ನೋಡಿ ಹಿಂತಿರುಗುತ್ತಾರೆ. ಕಾವೇರಿಯ ದಂಡೆಯಲ್ಲಿರುವ ಗ್ಯಾರಿಸನ್ ಸ್ಮಶಾನದ ಕಡೆ ಹೋಗುವವರು ಕಡಿಮೆ. ಅಲ್ಲಿ ಮಣ್ಣಾದವರಲ್ಲಿ ಇಂಗ್ಲಿಷರ ಜೊತೆಗೆ ‘ದ ಮ್ಯೂರೋನ್’ ಎಂಬ ರೆಜಿಮೆಂಟಿನವರೂ ಇದ್ದಾರೆ. ಇಂದು ಸ್ವಿಟ್ಜರ್ಲೆಂಡಿನ ಭಾಗವಾಗಿರುವ ನ್ಯೂಷಾಟೆಲ್ ಎಂಬ ಸೀಮೆಯ ಗಣ್ಯನೊಬ್ಬ 1781ರಲ್ಲಿ ಕಟ್ಟಿದ ಕೂಲಿ ಪಡೆ ಅದು. ಮೊದಲು ಡಚ್ಚರಿಂದ ಸಂಬಳ ಪಡೆಯುತ್ತಿತ್ತು; 1795ರಿಂದ ಇಂಗ್ಲಿಷರಿಂದ. 1799ರಲ್ಲಿ ಟಿಪ್ಪು ಸುಲ್ತಾನನ ಕೋಟೆಗೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಇದೂ ಇತ್ತು.

ಆಲ್ಪ್ಸ್ ಪರ್ವತದ ತಪ್ಪಲಿನವರಿಗೂ ಮೈಸೂರಿಗೂ ಯಾವ ಜಗಳ? ಯಾವುದೂ ಇಲ್ಲ. ಆಗ ಆ ನಾಡು ಬಡತನದ ನಾಡು. ಹೊಲ ಸಾಲದ ಮನೆಗಳ ಗಂಡುಮಕ್ಕಳು ಯಾರು ಸಂಬಳ ಕೊಟ್ಟರೆ ಅವರ ಪರವಾಗಿ ಕಾದಾಡುತ್ತಿದ್ದರು. ಯೂರೋಪಿನ ಎಷ್ಟೋ ಅರಸರ ಯುದ್ಧಗಳಲ್ಲಿ ಎರಡೂ ಕಡೆ ಸ್ವಿಸ್ಸರೇ ಇದ್ದದ್ದುಂಟು.

ಇಂದು ಸ್ವಿಟ್ಜರ್ಲೆಂಡ್ ಎಂದೊಡನೆ ನಿಮಗೆ ನೆನಪಾಗುವುದು ಗಡಿಯಾರ, ಚಾಕೊಲೇಟು, ಬ್ಯಾಂಕು, ರೆಡ್‌ಕ್ರಾಸ್. ಜೊತೆಗೆ ‘ತಟಸ್ಥ ದೇಶ’ ಎಂಬ ಮಾತು. ಆದರೆ ಆ ದೇಶದ ಸಂವಿಧಾನದಲ್ಲಿ ಪ್ರತಿಯೊಬ್ಬ ಗಂಡಸಿಗೂ ಸೈನಿಕ ಸೇವೆ ಕಡ್ಡಾಯ ಎಂದು ಬರೆದಿದೆ! ಯಾರ ಮೇಲೂ ಯುದ್ಧಕ್ಕೆ ಹೋಗೆನೆಂದು ಶಪಥ ಮಾಡಿದ ದೇಶಕ್ಕೆ ಸೈನ್ಯವೇಕೆ? ಇಟ್ಟುಕೊಂಡರೂ ಅಷ್ಟು ಪುಟ್ಟ ದೇಶ ಅದನ್ನು ಸಾಕುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸೋಣ.

ತಟಸ್ಥ ಬೇರೆ, ಅಲಿಪ್ತ ಬೇರೆ

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳಿ. ಪಠ್ಯಪುಸ್ತಕದಲ್ಲಿ ನೀವು ಓದಿರುವ ಭಾರತದ ‘ಅಲಿಪ್ತ ನೀತಿ’ ಒಂದು ರಾಜಕೀಯ ನಿಲುವು. ಎರಡು ಬಣಗಳಲ್ಲಿ ಯಾವುದಕ್ಕೂ ಸೇರದೆ, ಪ್ರತಿ ವಿಷಯದಲ್ಲೂ ನಮ್ಮ ತೀರ್ಮಾನವನ್ನು ನಾವೇ ಮಾಡುತ್ತೇವೆ ಎಂಬುದು ಅದರ ತಿರುಳು. ಅಗತ್ಯವಾದಾಗ ನಾವು ಯುದ್ಧ ಮಾಡಿಯೂ ಇದ್ದೇವೆ. ‘ತಟಸ್ಥತೆ’ ಹಾಗಲ್ಲ; ಅದು ಅಂತಾರಾಷ್ಟ್ರೀಯ ಕಾನೂನಿನ ಒಂದು ಸ್ಥಾನ. ಸ್ವಿಟ್ಜರ್ಲೆಂಡಿನ ಶಾಶ್ವತ ತಟಸ್ಥತೆಯನ್ನು ಯೂರೋಪಿನ ದೊಡ್ಡ ರಾಷ್ಟ್ರಗಳು 1815ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಒಪ್ಪಿ ಸಹಿ ಹಾಕಿದವು. 1907ರಲ್ಲಿ ಹೇಗ್ ನಗರದಲ್ಲಾದ ಒಪ್ಪಂದ ತಟಸ್ಥ ದೇಶಗಳ ಹಕ್ಕು ಮತ್ತು ಕರ್ತವ್ಯಗಳನ್ನು ಬರಹಕ್ಕಿಳಿಸಿತು.

ಕರ್ತವ್ಯ ಎಂಬ ಮಾತನ್ನು ಗಮನಿಸಿ. ಯುದ್ಧ ನಿರತರಾದ ಯಾರ ಸೈನ್ಯವೂ ತನ್ನ ನೆಲದ ಮೇಲೆ ಹಾದುಹೋಗದಂತೆ ತಟಸ್ಥ ದೇಶ ತಡೆಯಬೇಕು. ತಡೆಯಲು ಬಲ ಪ್ರಯೋಗಿಸಿದರೆ ಅದನ್ನು ಯುದ್ಧವೆಂದು ಎಣಿಸುವಂತಿಲ್ಲ. ತಡೆಯದಿದ್ದರೆ? ಆಗ ಎದುರು ಪಕ್ಷ, ‘ನೀನು ಅವರಿಗೆ ದಾರಿ ಬಿಟ್ಟೆ’ ಎಂದು ಮೇಲೆ ಬೀಳಬಹುದು. ಎಂದರೆ ಬೇಲಿ ಹಾಕಿಕೊಳ್ಳುವುದು ತಟಸ್ಥನ ಇಷ್ಟಕ್ಕೆ ಬಿಟ್ಟ ಮಾತಲ್ಲ, ಅವನ ಹೊಣೆ.

ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. 1871ರ ಫೆಬ್ರವರಿ ತಿಂಗಳು. ಜರ್ಮನರಿಂದ ಸೋತ ಫ್ರಾನ್ಸಿನ ಒಂದು ಸೇನೆ, ಸುಮಾರು 87,000 ಮಂದಿ, ಹಿಮದಲ್ಲಿ ನಡುಗುತ್ತ ಲೆ ವೆರಿಯೇರ್ ಎಂಬ ಹಳ್ಳಿಯ ಬಳಿ ಸ್ವಿಸ್ ಗಡಿಗೆ ಬಂದು ನಿಂತಿತು. ಸ್ವಿಸ್ ಜನರಲ್ ಹಾನ್ಸ್ ಹೆರ್ಜೋಗ್ ಅವರನ್ನು ಒಳಗೆ ಬಿಟ್ಟ, ಆದರೆ ಬಂದೂಕು, ಫಿರಂಗಿಗಳನ್ನೆಲ್ಲ ಗಡಿಯಲ್ಲೇ ಇಳಿಸಿಕೊಂಡು. ಆ ಸೈನಿಕರನ್ನು ಊರೂರಿಗೆ ಹಂಚಿ, ಅನ್ನ ಔಷಧ ಕೊಟ್ಟು, ಯುದ್ಧ ಮುಗಿದ ಮೇಲೆ ಮನೆಗೆ ಕಳುಹಿಸಲಾಯಿತು. ಇಲ್ಲಿ ಕರುಣೆಯೂ ಇದೆ, ಕಾನೂನೂ ಇದೆ. ಆದರೆ ಗಡಿಯಲ್ಲಿ ಸ್ವಿಸ್ ಸೈನ್ಯವೇ ಇಲ್ಲದಿದ್ದರೆ ಅಷ್ಟು ಜನರ ಕೈಯಿಂದ ಆಯುಧ ಇಳಿಸುವವರು ಯಾರು?

ಇನ್ನೊಂದು ಕಹಿ ಉದಾಹರಣೆ ಬೆಲ್ಜಿಯಂ. ಅದರ ತಟಸ್ಥತೆಗೆ 1839ರಿಂದಲೇ ದೊಡ್ಡ ರಾಷ್ಟ್ರಗಳ ಖಾತರಿಯಿತ್ತು. 1914ರ ಆಗಸ್ಟಿನಲ್ಲಿ ಜರ್ಮನ್ ಸೈನ್ಯ ಅದರ ಮೇಲೆಯೇ ಹಾದು ಫ್ರಾನ್ಸಿಗೆ ನುಗ್ಗಿತು. ಕಾಗದದ ಮೇಲಿನ ಖಾತರಿಯೊಂದೇ ಗಡಿ ಕಾಯುವುದಿಲ್ಲ ಎಂಬುದನ್ನು ಸ್ವಿಸ್ಸರು ಪಕ್ಕದಲ್ಲಿದ್ದೇ ಕಂಡರು.

ಸೈನ್ಯದ ಅಂಕಗಣಿತ

ಎರಡನೆಯ ಪ್ರಶ್ನೆಗೆ ಬರೋಣ. ಸ್ವಿಟ್ಜರ್ಲೆಂಡಿನ ವಿಸ್ತೀರ್ಣ ಸುಮಾರು 41,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಕಾಲು ಭಾಗಕ್ಕೂ ಕಡಿಮೆ. ಜನಸಂಖ್ಯೆ ಸುಮಾರು 90 ಲಕ್ಷ. ಇಷ್ಟು ಜನರಲ್ಲಿ ಲಕ್ಷಾಂತರ ಮಂದಿಯನ್ನು ವರ್ಷವಿಡೀ ಸಮವಸ್ತ್ರದಲ್ಲಿ ನಿಲ್ಲಿಸಿದರೆ ಕಾರ್ಖಾನೆ, ಹೊಲ, ಆಸ್ಪತ್ರೆಗಳಲ್ಲಿ ದುಡಿಯುವವರು ಯಾರು? ಸೈನ್ಯ ಚಿಕ್ಕದಾದರೆ ಗಡಿಗೆ ಸಾಲದು, ದೊಡ್ಡದಾದರೆ ದೇಶವನ್ನೇ ತಿಂದುಹಾಕುತ್ತದೆ.

ಅವರು ಕಂಡುಕೊಂಡ ದಾರಿ ‘ನಾಗರಿಕ ಸೈನ್ಯ’. ಭೌತಶಾಸ್ತ್ರ ಓದುವವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ಸ್ಥಿತಿಶಕ್ತಿ ಇರುತ್ತದೆ. ತೂಬು ತೆರೆದಾಗ ಮಾತ್ರ ಅದು ಚಲನೆಯಾಗುತ್ತದೆ. ಸ್ವಿಸ್ ಸೈನ್ಯವೂ ಬಹುಪಾಲು ಹೀಗೆ ನಿಂತ ನೀರು. ಪೂರ್ಣಾವಧಿಯ ವೃತ್ತಿ ಸೈನಿಕರು ನೂರಕ್ಕೆ ಸುಮಾರು ಐದು ಮಂದಿ. ಉಳಿದವರು ಶಿಕ್ಷಕರು, ಬಡಗಿಗಳು, ಬ್ಯಾಂಕ್ ನೌಕರರು, ವಿದ್ಯಾರ್ಥಿಗಳು.

ಯುವಕನೊಬ್ಬ ಮೊದಲು ದೇಹ ಮತ್ತು ಮನಸ್ಸಿನ ಪರೀಕ್ಷೆಗೆ ಹಾಜರಾಗುತ್ತಾನೆ. ಯೋಗ್ಯನೆಂದು ಕಂಡರೆ 18 ವಾರಗಳ ಮೂಲ ತರಬೇತಿ. ಆಮೇಲೆ ತನ್ನ ಉದ್ಯೋಗಕ್ಕೆ ಮರಳುತ್ತಾನೆ. ಮುಂದಿನ ವರ್ಷಗಳಲ್ಲಿ ಮೂರು ಮೂರು ವಾರಗಳಂತೆ ಆರು ಬಾರಿ ಮರುತರಬೇತಿ. 2018ರಲ್ಲಿ ಜಾರಿಗೆ ಬಂದ ಸುಧಾರಣೆಯಂತೆ ಸಾಮಾನ್ಯ ಸಿಪಾಯಿಯ ಸೇವೆ ಒಟ್ಟು 245 ದಿನ. ಅಧಿಕಾರಿಯಾಗಬೇಕೆಂದರೆ ಇನ್ನೂ ಹೆಚ್ಚು. ಹೆಂಗಸರಿಗೆ ಸೇವೆ ಐಚ್ಛಿಕ.

‘ಸೇವೆಗೆ ಹೋದ ದಿನಗಳ ಸಂಬಳ?’ ಎಂದು ನೀವು ಕೇಳಬಹುದು. ಸೈನ್ಯ ನಡೆಸುವ ಜಾಣ್ಮೆ ಬಂದೂಕಿಗಿಂತ ಹೆಚ್ಚಾಗಿ ಇಂಥ ಕಡೆ ಅಡಗಿದೆ. ದುಡಿಯುವ ಪ್ರತಿಯೊಬ್ಬರ ಸಂಬಳದಿಂದಲೂ ಒಂದು ಸಣ್ಣ ಪಾಲು ಒಂದು ನಿಧಿಗೆ ಹೋಗುತ್ತದೆ. ಅಷ್ಟೇ ಪಾಲನ್ನು ಮಾಲೀಕರೂ ಸೇರಿಸುತ್ತಾರೆ. ಸೇವೆಗೆ ಹೋದವನಿಗೆ ಅವನ ಗಳಿಕೆಯ ಸುಮಾರು ಶೇಕಡ 80ರಷ್ಟು ಈ ನಿಧಿಯಿಂದ ದೊರೆಯುತ್ತದೆ. ಇದರ ಮೂಲ 1940ರಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಗಡಿ ಕಾಯಲು ಹೋದವರ ಸಂಸಾರಗಳು ಆದಾಯವಿಲ್ಲದೆ ನರಳಿದ್ದವು. ಆ ಪಾಠ ಕಲಿತೇ ಎರಡನೆಯ ಯುದ್ಧದಲ್ಲಿ ಈ ಏರ್ಪಾಟು ಮಾಡಲಾಯಿತು. ಸಿಪಾಯಿಯ ಮನೆಯ ಒಲೆ ಆರಿದರೆ ಗಡಿಯಲ್ಲಿ ಅವನ ಮನಸ್ಸು ನಿಲ್ಲದು.

ಇನ್ನು ಮನಸ್ಸಾಕ್ಷಿ ಒಪ್ಪದವರ ಮಾತು. ಬಂದೂಕು ಹಿಡಿಯೆನೆಂದವರನ್ನು ಬಹುಕಾಲ ಜೈಲಿಗೆ ಕಳುಹಿಸಲಾಗುತ್ತಿತ್ತು. 1992ರಲ್ಲಿ ಜನ ಮತ ಹಾಕಿ ಸಂವಿಧಾನ ಬದಲಿಸಿದರು. 1996ರಿಂದ ನಾಗರಿಕ ಸೇವೆಯ ದಾರಿ ತೆರೆಯಿತು. ವೃದ್ಧಾಶ್ರಮ, ಆಸ್ಪತ್ರೆ, ಕಾಡುಗಳಲ್ಲಿ ಕೆಲಸ. ಅವಧಿ ಮಾತ್ರ ಸೈನಿಕ ಸೇವೆಯ ಒಂದೂವರೆ ಪಟ್ಟು. ಯಾವ ಸೇವೆಯನ್ನೂ ಮಾಡದವರು ತೆರಿಗೆಗೆ ಒಳಪಡುವ ಆದಾಯದ ಶೇಕಡ 3ರಷ್ಟನ್ನು ವಿಶೇಷ ತೆರಿಗೆಯಾಗಿ ಕೊಡಬೇಕು.

ಶಾಂತಿಕಾಲದಲ್ಲಿ ಜನರಲ್ ಇಲ್ಲ

ಅಲ್ಲಿ ಶಾಂತಿಕಾಲದಲ್ಲಿ ‘ಜನರಲ್’ ಎಂಬ ಹುದ್ದೆಯೇ ಇರುವುದಿಲ್ಲ. ಸೇನೆಯ ಮುಖ್ಯಸ್ಥರೊಬ್ಬರು ಇರುತ್ತಾರೆ. ಅವರ ಮೇಲೆ ಏಳು ಸದಸ್ಯರ ಸಚಿವ ಮಂಡಲಿ. ಗಂಡಾಂತರ ಬಂದು ಸೈನ್ಯವನ್ನು ದೊಡ್ಡ ಪ್ರಮಾಣದಲ್ಲಿ ಕರೆಯಬೇಕಾದಾಗ ಮಾತ್ರ ಸಂಸತ್ತಿನ ಎರಡೂ ಸದನಗಳು ಒಟ್ಟಾಗಿ ಜನರಲ್‌ನನ್ನು ಚುನಾಯಿಸುತ್ತವೆ. 1848ರಲ್ಲಿ ಇಂದಿನ ಒಕ್ಕೂಟ ಹುಟ್ಟುವ ಹಿಂದಿನ ವರ್ಷದಿಂದ ಎಣಿಸಿದರೂ ಆ ಪದವಿ ಏರಿದವರು ನಾಲ್ವರೇ: ದ್ಯುಫೂರ್, ಹೆರ್ಜೋಗ್, ವಿಲ್ಲೆ, ಗಿಸಾನ್.

ಹೆನ್ರಿ ಗಿಸಾನ್ ಚುನಾಯಿತನಾದದ್ದು 1939ರ ಆಗಸ್ಟ್ 30ರಂದು. ಕೆಲವೇ ದಿನಗಳಲ್ಲಿ ಸುಮಾರು 4,30,000 ಮಂದಿ ಸಮವಸ್ತ್ರ ತೊಟ್ಟರು. ಆಗಿನ ಜನಸಂಖ್ಯೆ ಸುಮಾರು 42 ಲಕ್ಷ. ಎಂದರೆ ಹತ್ತರಲ್ಲಿ ಒಬ್ಬರು! ತೂಬನ್ನು ಅಷ್ಟು ತೆರೆದಿಟ್ಟು ಬಹಳ ದಿನ ದೇಶ ನಡೆಸಲಾಗದು. ಹಾಗಾಗಿ ಸೈನಿಕರನ್ನು ಸರದಿಯ ಮೇಲೆ ಮನೆಗೂ ಹೊಲಕ್ಕೂ ಬಿಡಲಾಯಿತು. 1940ರಲ್ಲಿ ಫ್ರಾನ್ಸ್ ಸೋತ ಮೇಲೆ ದೇಶದ ಸುತ್ತ ಬಹುಮಟ್ಟಿಗೆ ಜರ್ಮನಿ, ಇಟಲಿಗಳೇ. ಜುಲೈ 25ರಂದು ಗಿಸಾನ್ ತನ್ನ ಅಧಿಕಾರಿಗಳನ್ನು ರ‍್ಯೂಟ್ಲಿ ಎಂಬ ಹುಲ್ಲುಗಾವಲಿನಲ್ಲಿ ಸೇರಿಸಿ ತನ್ನ ಯೋಜನೆ ತಿಳಿಸಿದ. ಬಯಲನ್ನು ಕಾಯುವುದು ಅಸಾಧ್ಯ. ಮುಖ್ಯ ಸೈನ್ಯ ಆಲ್ಪ್ಸ್ ಬೆಟ್ಟಗಳ ಕೋಟೆಗೆ ಹಿಂದೆಗೆಯುತ್ತದೆ. ಶತ್ರು ಬಂದರೆ ಇಟಲಿಗೆ ಹೋಗುವ ಸುರಂಗ, ಕಣಿವೆಗಳು ಅವನ ಕೈಗೆ ಸುಲಭವಾಗಿ ಸಿಗಲಾರವು. ಗೆಲ್ಲುತ್ತೇವೆ ಎಂದಲ್ಲ, ‘ನಮ್ಮನ್ನು ಹಿಡಿಯುವ ಖರ್ಚು ಲಾಭಕ್ಕಿಂತ ಹೆಚ್ಚಾಗುತ್ತದೆ’ ಎಂದು ತೋರಿಸುವುದೇ ಇಲ್ಲಿನ ಉಪಾಯ. ಆದರೆ ಈ ಉಪಾಯದಲ್ಲಿ, ದೇಶದ ಹೆಚ್ಚಿನ ಜನ ವಾಸಿಸುತ್ತಿದ್ದ ಬಯಲು ಸೀಮೆಗೆ ಗಟ್ಟಿ ರಕ್ಷಣೆಯಿರಲಿಲ್ಲ ಎಂಬುದನ್ನೂ ನೆನಪಿಡಿ.

ದೇಶ ಉಳಿದದ್ದು ಸೈನ್ಯವೊಂದರಿಂದಲೇ ಎನ್ನುವಂತಿಲ್ಲ. ಅವರು ಜರ್ಮನಿಯೊಂದಿಗೆ ವ್ಯಾಪಾರ ನಡೆಸಿದರು, ಅಲ್ಲಿಂದ ಚಿನ್ನ ಕೊಂಡರು, ಜೀವ ಉಳಿಸಿಕೊಳ್ಳಲು ಗಡಿಗೆ ಬಂದ ಸಾವಿರಾರು ಯಹೂದಿ ನಿರಾಶ್ರಿತರನ್ನು ಹಿಂದಕ್ಕೆ ಕಳುಹಿಸಿದರು. 1996ರಲ್ಲಿ ಸ್ವಿಸ್ ಸಂಸತ್ತೇ ನೇಮಿಸಿದ ಇತಿಹಾಸಕಾರರ ಆಯೋಗ 2002ರವರೆಗೆ ಇದನ್ನೆಲ್ಲ ಕೆದಕಿ ವರದಿ ಕೊಟ್ಟಿತು. ತಟಸ್ಥನ ಕೈ ಸದಾ ಶುದ್ಧ ಎಂದು ನಂಬಬೇಡಿ.

ವಿಮಾನಕ್ಕೂ ಜನರ ಮತ

ಸೈನ್ಯ ಜನರದ್ದೇ ಆದ್ದರಿಂದ ಅದರ ಲೆಕ್ಕವನ್ನೂ ಜನರೇ ಕೇಳುತ್ತಾರೆ. ‘ಸೈನ್ಯವನ್ನೇ ರದ್ದು ಮಾಡೋಣವೇ?’ ಎಂಬ ಪ್ರಶ್ನೆ 1989ರ ನವೆಂಬರಿನಲ್ಲಿ ಜನರ ಮುಂದೆ ಬಂತು. ಸೋತಿತಾದರೂ ನೂರಕ್ಕೆ 35ಕ್ಕೂ ಹೆಚ್ಚು ಮಂದಿ ‘ಹೌದು’ ಎಂದರು. ಶೀತಲ ಸಮರ ಮುಗಿದ ಮೇಲೆ ಆರು ಲಕ್ಷ ದಾಟಿದ್ದ ಸೈನ್ಯ ಹಂತಹಂತವಾಗಿ ಇಳಿದು, ಇಂದು ಸುಮಾರು ಒಂದು ಲಕ್ಷದ ಲೆಕ್ಕದಲ್ಲಿದೆ. 2013ರಲ್ಲಿ ಕಡ್ಡಾಯ ಸೇವೆ ಬೇಡವೆಂಬ ಪ್ರಸ್ತಾಪವನ್ನು ನೂರಕ್ಕೆ 73 ಮಂದಿ ತಿರಸ್ಕರಿಸಿದರು. ಮರುವರ್ಷವೇ ಸ್ವೀಡನ್ನಿನ ಯುದ್ಧವಿಮಾನ ಕೊಳ್ಳುವುದು ಬೇಡವೆಂದರು. 2020ರ ಸೆಪ್ಟೆಂಬರಿನಲ್ಲಿ ಹೊಸ ಯುದ್ಧವಿಮಾನಗಳಿಗೆ 600 ಕೋಟಿ ಫ್ರಾಂಕ್ ಕೊಡಲು ಒಪ್ಪಿದವರು ಶೇಕಡ 50.1!

ಜನ ಎಲ್ಲಿ ಜೇಬು ಬಿಗಿ ಹಿಡಿದರೆ ಅಲ್ಲಿ ಬಿರುಕು ಕಾಣುತ್ತದೆ. 2014ರ ಫೆಬ್ರವರಿ 17ರ ಬೆಳಗಿನ ಜಾವ ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನವೊಂದು ಜಿನೀವಾಕ್ಕೆ ಬಂತು. ಅದರ ಬೆನ್ನು ಹತ್ತಿದ್ದು ಇಟಲಿ ಮತ್ತು ಫ್ರಾನ್ಸಿನ ಯುದ್ಧವಿಮಾನಗಳು. ಸ್ವಿಸ್ ವಿಮಾನಗಳು ಹಾರಲಿಲ್ಲ, ಏಕೆಂದರೆ ಅದು ಕಚೇರಿ ವೇಳೆಯಾಗಿರಲಿಲ್ಲ! ಜಗತ್ತೇ ನಕ್ಕಿತು. ಆದರೆ ಇಪ್ಪತ್ತನಾಲ್ಕು ಗಂಟೆ ಪೈಲಟ್, ತಂತ್ರಜ್ಞರನ್ನು ಸಜ್ಜಾಗಿಡಲು ಹಣ ಬೇಕು, ಪೂರ್ಣಾವಧಿಯ ಜನ ಬೇಕು. ಹಂತಹಂತವಾಗಿ ಏರ್ಪಾಟು ಮಾಡಿ, 2021ರಿಂದ ಹಗಲೂ ರಾತ್ರಿ ಎರಡು ವಿಮಾನಗಳನ್ನು ಸಿದ್ಧವಾಗಿಡಲಾಗಿದೆ.

ನಾಗರಿಕ ಸೈನ್ಯದ ಬಲ ಕಂಡದ್ದು 2020ರ ಮಾರ್ಚಿನಲ್ಲಿ. ಕೋವಿಡ್ ಹಬ್ಬಿದಾಗ ಸರಕಾರ 8,000 ಸೈನಿಕರವರೆಗೆ ಕರೆಯಲು ಅನುಮತಿ ನೀಡಿತು. ಎರಡನೆಯ ಮಹಾಯುದ್ಧದ ನಂತರ ಅದೇ ಅತಿ ದೊಡ್ಡ ಕರೆ. ಮೊಬೈಲ್ ಫೋನಿಗೆ ಸಂದೇಶ ಹೋಯಿತು. ಕಾಲೇಜು, ಕಚೇರಿ ಬಿಟ್ಟು ಬಂದವರು ಆಸ್ಪತ್ರೆಗಳಲ್ಲಿ ರೋಗಿಗಳ ಆರೈಕೆಗೆ ನಿಂತರು.

ನಡುವೆ ನಿಂತವರ ಕೆಲಸ

ತಟಸ್ಥರಿಂದ ಜಗತ್ತಿಗೇನು ಉಪಯೋಗ? ಇಲ್ಲಿ ಕೊಡಗಿನ ವೀರರೊಬ್ಬರ ಹೆಸರು ಬರುತ್ತದೆ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಊರಿಗೆ ಮರಳಲೊಪ್ಪದ ಯುದ್ಧಕೈದಿಗಳ ಹೊಣೆ ಹೊರಲು ಐದು ದೇಶಗಳ ಆಯೋಗ ರಚನೆಯಾಯಿತು. ಸ್ವಿಟ್ಜರ್ಲೆಂಡ್, ಸ್ವೀಡನ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ. ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು. ಎರಡೂ ಕಡೆಯವರ ಅನುಮಾನಗಳ ನಡುವೆ ಒಬ್ಬೊಬ್ಬ ಕೈದಿಯ ಇಚ್ಛೆಯನ್ನು ಕೇಳಿ ತಿಳಿಯುವ ಕಷ್ಟದ ಕೆಲಸ ಅದು. ಕೊರಿಯಾದ ಕದನವಿರಾಮ ರೇಖೆಯ ಬಳಿ ಸ್ವಿಸ್ ಮತ್ತು ಸ್ವೀಡಿಷ್ ಅಧಿಕಾರಿಗಳು ಇಂದಿಗೂ ಮೇಲ್ವಿಚಾರಣೆಗೆ ನಿಂತಿದ್ದಾರೆ.

ಆದರೆ ನಡುವೆ ನಿಲ್ಲುವವರ ಸಂಖ್ಯೆ ಕಡಿಮೆಯಾಗುತ್ತಿದೆ. ರಷ್ಯಾ 2022ರಲ್ಲಿ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಮಾಡಿದ ಮೇಲೆ ಫಿನ್‌ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನೇಟೋ ಕೂಟ ಸೇರಿದವು. ಸ್ವಿಟ್ಜರ್ಲೆಂಡ್ ರಷ್ಯಾದ ಮೇಲೆ ಆರ್ಥಿಕ ನಿರ್ಬಂಧ ಹೇರಿತು. ತಾನು ಮಾರಿದ್ದ ಮದ್ದುಗುಂಡುಗಳನ್ನು ಜರ್ಮನಿ ಉಕ್ರೇನಿಗೆ ಕೊಡಲು ಹೊರಟಾಗ ಮಾತ್ರ ಒಪ್ಪಲಿಲ್ಲ. ‘ದಾಳಿ ಮಾಡಿದವನನ್ನೂ ದಾಳಿಗೆ ತುತ್ತಾದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ?’ ಎಂದು ನೆರೆಯವರು ಕೇಳಿದರು. ‘ಒಮ್ಮೆ ಪಕ್ಷ ಹಿಡಿದರೆ ಮುಂದೆ ನಮ್ಮನ್ನು ನಂಬುವವರಾರು?’ ಎಂದು ಸ್ವಿಸ್ಸರಲ್ಲಿ ಹಲವರು ಮರುಪ್ರಶ್ನೆ ಹಾಕಿದರು. ಎರಡೂ ಮಾತಿನಲ್ಲಿ ತೂಕವಿದೆ.

ಒಟ್ಟಿನಲ್ಲಿ ತಟಸ್ಥ ದೇಶದ ಸೈನ್ಯ ಒಂದು ವಿಮೆಯ ಕಂತಿನಂತೆ. ಕಟ್ಟುವಾಗ ದಂಡವೆನಿಸುತ್ತದೆ, ಯಾರು ಎಷ್ಟು ಕಟ್ಟಬೇಕೆಂಬ ಜಗಳ ಮುಗಿಯುವುದಿಲ್ಲ. ಒಂದು ಕಾಲದಲ್ಲಿ ತನ್ನ ಮಕ್ಕಳನ್ನು ಪರರ ಯುದ್ಧಕ್ಕೆ ಮಾರುತ್ತಿದ್ದ ನಾಡು, ಆ ಕಂತನ್ನು ತನ್ನ ಜನರ ದಿನಗಳಲ್ಲಿ, ಸಂಬಳದಲ್ಲಿ, ಮತಪೆಟ್ಟಿಗೆಯಲ್ಲಿ ಹಂಚಿಕೊಂಡು ಕಟ್ಟುವುದನ್ನು ಕಲಿತಿದೆ.

ತರಗತಿಯಲ್ಲಿ ಚರ್ಚಿಸಿ

1. ಅಲಿಪ್ತ ನೀತಿಗೂ ತಟಸ್ಥತೆಗೂ ಇರುವ ಮುಖ್ಯ ವ್ಯತ್ಯಾಸಗಳೇನು?
2. 245 ದಿನಗಳ ಸೇವೆ ಗಂಡಸರಿಗೆ ಮಾತ್ರ ಕಡ್ಡಾಯವಾಗಿರುವುದು ನ್ಯಾಯವೇ? ಸೇವೆ ಮಾಡದವರಿಂದ ತೆರಿಗೆ ಪಡೆಯುವುದು ಸರಿಯೇ?
3. ಯುದ್ಧವಿಮಾನ ಕೊಳ್ಳುವಂಥ ತಾಂತ್ರಿಕ ವಿಷಯವನ್ನು ಜನರ ಮತಕ್ಕೆ ಬಿಡಬೇಕೇ, ತಜ್ಞರಿಗೆ ಬಿಡಬೇಕೇ?
4. ನೆರೆಮನೆಯಲ್ಲಿ ಅನ್ಯಾಯ ನಡೆಯುವಾಗ ತಟಸ್ಥನಾಗಿ ಉಳಿಯುವುದು ಎಲ್ಲಿಯವರೆಗೆ ಸರಿ?