ಪದವಿ ಒಂದೇ, ಅಂಗಳ ಬೇರೆ

ಶ್ರೀನಿವಾಸಪುರದ ಮಂಡಿಗಳಿಗೆ ಮಾವು ಬರತೊಡಗುವ ಹೊತ್ತಿಗೇ ಕೋಲಾರ ಸೀಮೆಯ ಮನೆಗಳಲ್ಲಿ ಇನ್ನೊಂದು ಲೆಕ್ಕಾಚಾರ ಶುರುವಾಗುತ್ತದೆ. ದ್ವಿತೀಯ ಪಿಯುಸಿ ಪಾಸಾದ ಮಗಳಿಗೆ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಸಾಕೋ, ಕೋಲಾರದ ಮಹಿಳಾ ಕಾಲೇಜಿಗೆ ಕಳಿಸಬೇಕೋ? ಮಾಲೂರಿನ ಹುಡುಗ ಊರಲ್ಲೇ ಓದಬೇಕೋ, ದಿನಾ ರೈಲು ಹತ್ತಿ ಕೆ.ಆರ್. ಪುರದ ಕಡೆಯ ಖಾಸಗಿ ಕಾಲೇಜಿಗೆ ಹೋಗಬೇಕೋ? ಮನೆಯಲ್ಲಿ ಮಾತು ಮೊದಲು ಶುಲ್ಕಕ್ಕೆ ಹೋಗುತ್ತದೆ, ಆಮೇಲೆ ದೂರಕ್ಕೆ, ಕೊನೆಗೆ ಕಾಲೇಜಿನ ಹೆಸರಿಗೆ. ಮಗು ಮೂರು ವರ್ಷ ಯಾವ ವಾತಾವರಣದಲ್ಲಿ ಉಸಿರಾಡಲಿದೆ ಎಂಬ ವಿಚಾರಕ್ಕೆ ಸರದಿಯೇ ಬರುವುದಿಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ.

ಅದಕ್ಕೆ ಸರಳವಾದ ಕಾರಣವಿದೆ. ಬೆಂಗಳೂರು ವಿಶ್ವವಿದ್ಯಾಲಯವನ್ನು ವಿಭಜಿಸಿದಾಗ 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಹುಟ್ಟಿತು. ಅದರ ಕೇಂದ್ರಸ್ಥಾನ ಕೋಲಾರದ ಟಮಕ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸರ್ಕಾರಿ ಪದವಿ ಕಾಲೇಜುಗಳು ಅದಕ್ಕೇ ಸೇರಿವೆ. ಬೆಂಗಳೂರಿನ ಪೂರ್ವ ಭಾಗದ ಅನೇಕ ಖಾಸಗಿ ಕಾಲೇಜುಗಳೂ ಅದೇ ವಿಶ್ವವಿದ್ಯಾಲಯದವು. ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ ಉಳಿದೆಡೆ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಪದವಿ ಪ್ರಮಾಣಪತ್ರ. ಹಾಗಿದ್ದ ಮೇಲೆ ಒಂದು ಕಾಲೇಜಿಗೂ ಇನ್ನೊಂದಕ್ಕೂ ಇರುವ ನಿಜವಾದ ವ್ಯತ್ಯಾಸ ಅಲ್ಲಿನ ಮೇಷ್ಟ್ರುಗಳಲ್ಲಿ, ಗ್ರಂಥಾಲಯದಲ್ಲಿ, ಜೊತೆಗಾರರಲ್ಲಿ, ಒಟ್ಟಾರೆ ಅಲ್ಲಿನ ಸಹವಾಸದಲ್ಲಿದೆ.

ನಾಲ್ಕು ಗಂಟೆಯ ಬಸ್ಸು

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಅಡ್ಡಿ ಇಲ್ಲವಾಯಿತು. ಶ್ರೀನಿವಾಸಪುರದಿಂದ, ಮುಳಬಾಗಿಲಿನಿಂದ ಕೋಲಾರದ ಕಾಲೇಜು ಎಟುಕುವಂತಾಯಿತು. ಇದು ದೊಡ್ಡ ಲಾಭ. ಆದರೆ ದುಡ್ಡು ಉಳಿದರೂ ಹೊತ್ತು ಉಳಿಯುವುದಿಲ್ಲ. ಮುಳಬಾಗಿಲಿಗೆ ರೈಲೇ ಇಲ್ಲ, ಹೆದ್ದಾರಿಯ ಬಸ್ಸನ್ನೇ ನೆಚ್ಚಬೇಕು. ಹೆದ್ದಾರಿಯಿಂದ ಒಳಗಿರುವ ಹಳ್ಳಿಯಾದರೆ ಅಲ್ಲಿಂದ ಇನ್ನೊಂದು ಬಸ್ಸೋ ಆಟೋವೋ.

ಕಾಲೇಜಿನ ಜೀವ ಇರುವುದು ಬಹುಪಾಲು ಪಾಠ ಮುಗಿದ ಮೇಲೆ. ಚರ್ಚಾಸ್ಪರ್ಧೆ, ನಾಟಕದ ತಾಲೀಮು, ಎನ್‌ಎಸ್‌ಎಸ್ ಸಭೆ, ಕಬಡ್ಡಿ ಅಭ್ಯಾಸ, ಮೇಷ್ಟ್ರ ಹತ್ತಿರ ನಿಂತು ಅರ್ಥವಾಗದ್ದನ್ನು ಕೇಳುವ ಹತ್ತು ನಿಮಿಷ, ಎಲ್ಲವೂ ಆಗಲೇ. ನಾಲ್ಕು ಗಂಟೆಯ ಬಸ್ಸಿಗೆ ಓಡುವ ಮಗುವಿಗೆ ಇದರಲ್ಲಿ ಯಾವುದೂ ದಕ್ಕುವುದಿಲ್ಲ. ದೂರದ ದೊಡ್ಡ ಕಾಲೇಜಿನಲ್ಲಿ ಅವಸರದ ನೆಂಟಳಂತೆ ಬಂದುಹೋಗುವುದಕ್ಕಿಂತ ಊರಿನ ಕಾಲೇಜಿನಲ್ಲಿ ಸಂಜೆಯವರೆಗೆ ಇರುವುದು ಎಷ್ಟೋ ಮೇಲು. ದೂರದ ಕಾಲೇಜೇ ಸರಿ ಎನಿಸಿದರೆ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಗುವುದೇ ಎಂದು ಮೊದಲೇ ವಿಚಾರಿಸಿ.

ಬಾಯಿ ಕಟ್ಟದ ಜಾಗ

ನಮ್ಮ ಸೀಮೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆಜಿಎಫ್ ಕಡೆಯವರಿಗೆ ಮನೆಮಾತು ತಮಿಳು. ಎರಡು ಭಾಷೆಗಳಲ್ಲಿ ಸಲೀಸಾಗಿ ಮಾತಾಡುವ ಮಗು ಇಂಗ್ಲಿಷೇ ತುಂಬಿದ ಅಂಗಳಕ್ಕೆ ಕಾಲಿಟ್ಟ ದಿನ ಮೂಕವಾಗುತ್ತದೆ, ಹಿಂದಿನ ಬೆಂಚು ಹಿಡಿಯುತ್ತದೆ. ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡದಲ್ಲಿ ಕೇಳಿದ ಪ್ರಶ್ನೆಗೂ ಮರ್ಯಾದೆಯಿಂದ ಉತ್ತರ ಕೊಟ್ಟು, ಕೈಹಿಡಿದು ಇಂಗ್ಲಿಷಿಗೆ ದಾಟಿಸುವ ಮೇಷ್ಟ್ರಿದ್ದಾರೆಯೇ ಎಂದು ನೋಡಬೇಕು. ಅಂಥವರು ಸರ್ಕಾರಿ ಕಾಲೇಜಿನಲ್ಲೂ ಸಿಗುತ್ತಾರೆ, ಖಾಸಗಿಯಲ್ಲೂ ಸಿಗುತ್ತಾರೆ. ಕಟ್ಟಡ ನೋಡಿ ಹೇಳಲಾಗದು.

ಇಲ್ಲಿ ಡಾ. ಎಚ್. ನರಸಿಂಹಯ್ಯನವರನ್ನು ನೆನೆಯದೆ ಇರಲಾರೆ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಬಡತನದಲ್ಲಿ ಓದುವ ಹಟ ಹಿಡಿದು ಬೆಂಗಳೂರಿಗೆ ನಡೆದೇ ಹೋದ ಹುಡುಗ, ಮುಂದೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದು ಎಂಬುದು ಅವರು ಬದುಕಿನುದ್ದಕ್ಕೂ ಹೇಳಿದ ಪಾಠ. ಅವರು ನೆಲೆಸಿದ್ದು ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ, ವಿದ್ಯಾರ್ಥಿಗಳ ನಡುವೆಯೇ. ಒಂದು ಕಾಲೇಜಿನ ಗುಣ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಕಾಲೇಜಿನ ಮೆಟ್ಟಿಲನ್ನೇ ಹತ್ತಲಿಲ್ಲ. ಆದರೂ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ಸಂಸ್ಥೆಯನ್ನು ಕಟ್ಟಿ, ತರುಣರು ಕೂತು ಓದುವ, ಚರ್ಚಿಸುವ ಜಾಗ ಮಾಡಿಕೊಟ್ಟರು. ಕಾಲೇಜಿನಲ್ಲಿ ಸಿಗಬೇಕಾದದ್ದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಹೋಗಿ ನೋಡಿ

ಅರ್ಜಿ ತರಲು ಹೋದ ದಿನ ಕಾಲೇಜು ಮದುವೆ ಮನೆಯ ಹಾಗಿರುತ್ತದೆ. ಎಲ್ಲರೂ ನಗುಮುಖ. ಪಾಠ ನಡೆಯುವ ದಿನ ಮತ್ತೆ ಹೋಗಿ. ಎರಡನೇ ವರ್ಷದ ನಾಲ್ಕಾರು ಮಕ್ಕಳನ್ನು ಕ್ಯಾಂಟೀನಿನಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಮಾತಾಡಿಸಿ. ತರಗತಿ ಹೊತ್ತಿಗೆ ಸರಿಯಾಗಿ ನಡೆಯುತ್ತವೆಯೇ? ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು, ವರ್ಷದ ನಡುವೆ ಅವರು ಬದಲಾಗುತ್ತಾರೆಯೇ? ಪ್ರಯೋಗಾಲಯದಲ್ಲಿ ಮಕ್ಕಳೇ ಕೈಯಾರೆ ಪ್ರಯೋಗ ಮಾಡುತ್ತಾರೆಯೇ? ಮಧ್ಯಾಹ್ನ ಮೂರಕ್ಕೆ ಗ್ರಂಥಾಲಯದಲ್ಲಿ ಎಷ್ಟು ಜನ ಕೂತಿದ್ದಾರೆ? ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದೆಯೇ? ರ‍್ಯಾಗಿಂಗ್ ತಡೆ ಸಮಿತಿಯ ಫೋನ್ ನಂಬರು ಗೋಡೆಯ ಮೇಲಿದೆಯೇ? ಜಾತಿ ನೋಡಿ ಗುಂಪು ಕಟ್ಟುವ ಚಾಳಿ ಇದೆಯೇ? ಈ ಕೊನೆಯ ಪ್ರಶ್ನೆಗೆ ಮಕ್ಕಳು ಬಾಯಲ್ಲಿ ಉತ್ತರ ಹೇಳದಿರಬಹುದು. ಊಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ ಎಂದು ನೋಡಿದರೆ ತಿಳಿಯುತ್ತದೆ.

ಮೂಲ ಅಂಕಪಟ್ಟಿ ಇಟ್ಟುಕೊಂಡು ಸೀಟು ಕಟ್ಟಿಹಾಕುವ ಕಡೆ ಎಚ್ಚರ ಇರಲಿ. ಮೂಲ ದಾಖಲೆಗಳನ್ನು ಪರಿಶೀಲಿಸಿ ವಾಪಸು ಕೊಡಬೇಕು, ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ತಿಳಿಸಿದೆ.

ಅಪ್ಪ ಅಮ್ಮಂದಿರಲ್ಲಿ ಒಂದೇ ಕೋರಿಕೆ. ಒಂದು ಎಮ್ಮೆ ಕೊಳ್ಳುವಾಗಲೂ ಎರಡು ಸಲ ಹಾಲು ಕರೆದು ನೋಡುತ್ತೇವೆ. ಮಗುವಿನ ಮೂರು ವರ್ಷವನ್ನು ಒಪ್ಪಿಸುವ ಮುನ್ನ ಎರಡೂ ಕಾಲೇಜುಗಳಲ್ಲಿ ಅರ್ಧ ದಿನವಾದರೂ ಅವರನ್ನು ಕೂರಿಸಿ ಕರೆದುಕೊಂಡು ಬನ್ನಿ. ಮನೆಗೆ ಬಂದ ಮೇಲೆ, ಎಲ್ಲಿ ನಿನಗೆ ಪ್ರಶ್ನೆ ಕೇಳಬೇಕು ಅನ್ನಿಸಿತು ಎಂದು ವಿಚಾರಿಸಿ. ಅವರು ಹೇಳುವ ಹೆಸರಿನ ಕಾಲೇಜಿಗೇ ಸೇರಿಸಿ.