ಕೆಸರಿನಡಿಯ ಮೊಟ್ಟೆಗಳ ಸಾಕ್ಷ್ಯ

ಪ್ರಶ್ನೆ: ಪರಿಸರ ಬದಲಾದರೆ ಸರಳ ಜೀವಿಗಳ ವಂಶವಾಹಿಗಳೂ ಬದಲಾಗುತ್ತವೆಯೇ?

ಉತ್ತರ: ಒಂದೇ ಪ್ರಾಣಿಯ ಆಯುಸ್ಸಿನಲ್ಲಿ ಅಲ್ಲ, ಪೀಳಿಗೆಗಳು ಉರುಳಿದಂತೆ ಇಡೀ ಸಂತತಿಯ ವಂಶವಾಹಿಗಳ ಚಹರೆ ಬದಲಾಗುತ್ತದೆ. ಡ್ಯಾಫ್ನಿಯಾ ಎಂಬ ನೀರುಚಿಗಟವನ್ನೇ ನೋಡಿ. ಅಕ್ಕಿಕಾಳಿಗಿಂತ ಚಿಕ್ಕದು, ಮೈ ಎಷ್ಟು ಪಾರದರ್ಶಕವೆಂದರೆ, ಸೂಕ್ಷ್ಮದರ್ಶಕದಲ್ಲಿ ಹೃದಯ ಬಡಿಯುವುದೂ ಕಾಣುತ್ತದೆ. ಯುರೋಪಿನ ಕಾನ್‌ಸ್ಟನ್ಸ್ ಸರೋವರಕ್ಕೆ 1960-70ರ ದಶಕಗಳಲ್ಲಿ ರಂಜಕ ಹೆಚ್ಚಾಗಿ ಸೇರಿ, ನೀಲಿ-ಹಸಿರು ಪಾಚಿ ಹಬ್ಬಿತು. ಅಲ್ಲಿನ ಡ್ಯಾಫ್ನಿಯಾದ ಮೊಟ್ಟೆಗಳು ಸರೋವರದ ತಳದ ಕೆಸರಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತವೆ. ಬೇರೆ ಬೇರೆ ಕಾಲದ ಮೊಟ್ಟೆಗಳನ್ನು ವಿಜ್ಞಾನಿಗಳು ಮರಿಯಾಗಿಸಿ, ಅವುಗಳ ಸಂತತಿಗೆ ವಿಷಕಾರಿ ನೀಲಿ-ಹಸಿರು ಪಾಚಿ ಬೆರೆತ ಆಹಾರ ಕೊಟ್ಟರು. ಹಳೆಯ ಮೊಟ್ಟೆಗಳ ಸಂತತಿ ಬಹಳ ಸೊರಗಿತು, ಪಾಚಿ ಹಬ್ಬಿದ ನಂತರದ ಮೊಟ್ಟೆಗಳದ್ದು ಅಷ್ಟಾಗಿ ಸೊರಗಲಿಲ್ಲ. ಎಷ್ಟು ಸೊಗಸಾದ ಪುರಾವೆ! ವಿಷ ತಾಳುವ ವಂಶವಾಹಿಗಳಿದ್ದ ಚಿಗಟಗಳು ಹೆಚ್ಚು ಮರಿ ಹಾಕಿದವು, ಉಳಿದವುಗಳ ವಂಶ ಕ್ರಮೇಣ ಕ್ಷೀಣಿಸಿತು.